ದೊಮ್ಮಲೂರಿನಲ್ಲಿ ಕಲಿತ ದಾರದ ಪಾಠ

ಮೇಲ್ಸೇತುವೆಯ ಬಳಿ ಬಸ್ಸಿಳಿದವರಿಗೆ ದೊಮ್ಮಲೂರು ಎಂದರೆ ವಾಹನಗಳ ಗದ್ದಲವೇ. ಮುಖ್ಯ ರಸ್ತೆ ಬಿಟ್ಟು ಗಲ್ಲಿಗಳಿಗೆ ನುಗ್ಗಿದರೆ ಹಳೆಯ ಊರು ಇನ್ನೂ ಕಾಣುತ್ತದೆ. ಅಲ್ಲಿ ಚೊಕ್ಕನಾಥಸ್ವಾಮಿ ದೇವಾಲಯವಿದೆ. ಇಲ್ಲಿನ ಶಾಸನಗಳು ಊರನ್ನು ತೊಂಬಲೂರು ಎಂದೂ ದೇಶಿಮಾಣಿಕ್ಕಪಟ್ಟಣ ಎಂದೂ ಕರೆಯುತ್ತವೆ. ಪಟ್ಟಣವೆಂದರೆ ವರ್ತಕರ ಊರು. ನಾನೂ ಮಗಳೂ ಅಲ್ಲಿಗೆ ಹೋದದ್ದು ಮಾತ್ರ ಬಹಳ ಸಣ್ಣ ವ್ಯಾಪಾರಕ್ಕೆ: ದಾರ ಕೊಳ್ಳಲು.

ಮಗಳು ಒಂಬತ್ತನೆಯ ತರಗತಿ. ಶಾಲೆಯ ಥ್ರೋಬಾಲ್ ತಂಡದ 12 ಟೀ ಶರ್ಟುಗಳ ಮೇಲೆ ಹುಡುಗಿಯರ ಹೆಸರನ್ನು ಮನೆಯ ಹೊಲಿಗೆ ಯಂತ್ರದಲ್ಲೇ ಕಸೂತಿ ಹಾಕಿಕೊಡುವುದಾಗಿ ಒಪ್ಪಿಕೊಂಡಿದ್ದಳು. ಮೊದಲನೆಯದೇ ಕೆಟ್ಟಿತು. ಹೆಸರಿನ ಸುತ್ತ ಬಟ್ಟೆ ಸುಕ್ಕುಗಟ್ಟಿ ಒಣಗಿದ ಎಲೆಯಂತಾಯಿತು. ಆ ಅಂಗಿಯ ಹುಡುಗಿಯ ತಾಯಿ ಮನೆಗೆಲಸ ಮಾಡಿ ಮಗಳನ್ನು ಓದಿಸುವಾಕೆ. ಇನ್ನೊಂದು ಕೊಂಡುಕೊಳ್ಳಿ ಎನ್ನಲು ನಮಗೆ ಬಾಯಿ ಬರಲಿಲ್ಲ.

ಗಲ್ಲಿಯೊಳಗಿನ ಪುಟ್ಟ ಹೊಲಿಗೆ ಅಂಗಡಿಯಾಕೆ ಅಂಗಿಯನ್ನು ಒಳಮಗ್ಗುಲು ತಿರುಗಿಸಿ ನೋಡಿದರು.

“ಅಡಿಗೆ ಏನು ಕೊಟ್ಟಿದ್ದೆ, ಕಂದಾ?”

“ನ್ಯೂಸ್ ಪೇಪರ್, ಅಕ್ಕಾ. ಆಮೇಲೆ ಹರಿದು ತೆಗೆದೆ.”

“ಅಲ್ಲೇ ಎಡವಿದ್ದು. ಇದು ಎಳೆದರೆ ಹಿಗ್ಗೋ ಬಟ್ಟೆ. ಪೇಪರ್ ಹೋದ ಮೇಲೆ ಹೊಲಿಗೆಯನ್ನ ಹಿಡಿದುಕೊಳ್ಳೋರು ಯಾರು?”

ಅವರು ಹೇಳಿದ್ದನ್ನು ಇಲ್ಲಿ ಸಂಗ್ರಹಿಸಿದ್ದೇನೆ. ಹೊಲಿಗೆ ಬೀಳುವಾಗ ದಾರ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ಆ ಎಳೆತವನ್ನು ತಡೆಯುವುದೇ ಅಡಿಹಾಸಿನ ಕೆಲಸ. ಬಿಗಿಯಾಗಿ ನೇಯ್ದ ಹತ್ತಿ ಬಟ್ಟೆಗೆ ಹರಿದು ತೆಗೆಯುವ ಕಾಗದದಂಥ ಅಡಿಹಾಸು ಸಾಕು. ಟೀ ಶರ್ಟಿನಂಥ ಹೆಣಿಗೆಯ ಬಟ್ಟೆಗೆ ಕತ್ತರಿಸುವ ಬಗೆಯದೇ ಬೇಕು. ಕಸೂತಿ ಮುಗಿದ ಮೇಲೆ ಅಂಚಿನಲ್ಲಿ ಸುಮಾರು ಅರ್ಧ ಸೆಂಟಿಮೀಟರ್ ಬಿಟ್ಟು ಉಳಿದುದನ್ನು ಕತ್ತರಿಸಬೇಕು. ಹೊಲಿಗೆಯ ಅಡಿಯಲ್ಲಿರುವ ಭಾಗ ಅಂಗಿ ಇರುವವರೆಗೂ ಅಲ್ಲೇ ಇರುತ್ತದೆ. ನೆಟ್ ಬಟ್ಟೆಗಾದರೆ ನೀರಿನಲ್ಲಿ ಕರಗುವ ಅಡಿಹಾಸು ಒಳ್ಳೆಯದು. ಬಟ್ಟೆಯನ್ನು ರಿಂಗಿಗೆ ಹಾಕುವಾಗ ತಮಟೆಯಂತೆ ಎಳೆದು ಕಟ್ಟಿದರೂ ಸುಕ್ಕು ತಪ್ಪದು. ರಿಂಗ್ ಬಿಚ್ಚಿದೊಡನೆ ಬಟ್ಟೆ ಕುಗ್ಗುತ್ತದೆ.

ಇನ್ನು ದಾರ. ಮಗಳು ಬಳಸಿದ್ದು ಮನೆಯಲ್ಲಿದ್ದ ಹೊಲಿಗೆ ದಾರ. ಗಿಡ್ಡ ಎಳೆಗಳನ್ನು ಹೊಸೆದು ಮಾಡುವ ಈ ದಾರಕ್ಕೆ ಹೊಳಪು ಕಡಿಮೆ. ಕಸೂತಿ ದಾರದಲ್ಲಿ ರೇಯಾನ್ ಮತ್ತು ಪಾಲಿಯೆಸ್ಟರ್ ಎಂಬ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ರೇಯಾನ್ ನುಣುಪಾಗಿ ಹೊಳೆಯುತ್ತದೆ, ಆದರೆ ನೆನೆದಾಗ ಅದರ ಬಲ ಕುಗ್ಗುತ್ತದೆ. ದಿನಾ ಒಗೆಯುವ ಶಾಲೆಯ ಬಟ್ಟೆಗೆ ಪಾಲಿಯೆಸ್ಟರ್ ವಾಸಿ.

ಕೋನಿನ ಮೇಲಿನ 40 ಎಂಬ ಅಂಕಿಯಲ್ಲಿ ವಿದ್ಯಾರ್ಥಿಗಳಿಗೊಂದು ಲೆಕ್ಕವೂ ಇದೆ. ಒಂದು ಕಿಲೋ ದಾರವನ್ನು ಬಿಡಿಸಿದರೆ ಸುಮಾರು 40 ಕಿಲೋಮೀಟರ್ ಬರುತ್ತದೆ ಎಂದು ಅದರ ಅರ್ಥ. ಆದ್ದರಿಂದ 60ರದು 40ಕ್ಕಿಂತ ತೆಳು. ಟೆಕ್ಸ್ ಎಂಬ ಅಳತೆ ಇದಕ್ಕೆ ತಿರುಗುಮುರುಗು. 1000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಟೆಕ್ಸ್. ಹಾಗಾಗಿ 40ರ ದಾರವೆಂದರೆ 25 ಟೆಕ್ಸ್. ಮೇಲೆ 40, ಬಾಬಿನ್‌ಗೆ 60 ಹಾಕಿದರೆ ಹೊಲಿಗೆ ಅಡಿಯಲ್ಲಿ ದಪ್ಪವಾಗದು. ಸೂಜಿ 11ನೇ ನಂಬರಿನದಿರಲಿ. ಹೆಣಿಗೆ ಬಟ್ಟೆಯ ಎಳೆ ಕಡಿಯದಂತೆ ತುದಿ ಮೊಂಡಾಗಿರಲಿ.

“ಮೊದಲು ಅದೇ ಬಟ್ಟೆಯ ಚೂರಿನ ಮೇಲೆ ಹಾಕಿ ನೋಡು. ಅಂಗಿ ಮೇಲೆ ಪರೀಕ್ಷೆ ಮಾಡಬಾರದು,” ಎಂದರು ಆಕೆ.

ಕೆಟ್ಟ ಅಂಗಿಯ ಹೊಲಿಗೆ ಬಿಚ್ಚಿದಾಗ ಸೂಜಿಯ ತೂತುಗಳು ಉಳಿದವು. ಗಟ್ಟಿ ಹತ್ತಿ ಬಟ್ಟೆಯ ಪಟ್ಟಿಯೊಂದರ ಮೇಲೆ ಹೆಸರು ಹಾಕಿ, ತೂತುಗಳು ಮುಚ್ಚುವಂತೆ ಅದನ್ನು ಹೊಲಿಯುವ ಉಪಾಯವನ್ನೂ ಅವರೇ ಹೇಳಿಕೊಟ್ಟರು. ಉಳಿದ 11 ಅಂಗಿಗಳೂ ಸೊಗಸಾಗಿ ಬಂದವು.

ಪಂದ್ಯದ ದಿನ ನೋಡಿದರೆ ಪಟ್ಟಿ ಹಚ್ಚಿದ ಅಂಗಿ ನನ್ನ ಮಗಳ ಮೈಮೇಲಿತ್ತು. ತನ್ನದಾಗಬೇಕಿದ್ದ ಹೊಸ ಅಂಗಿಯ ಮೇಲೆ ಗೆಳತಿಯ ಹೆಸರು ಹಾಕಿ ಕೊಟ್ಟಿದ್ದಳು. ಇದನ್ನು ಮಾತ್ರ ಅವಳಿಗೆ ದೊಮ್ಮಲೂರಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.