ಗೋಡೆಗೆ ಬಂದ ಹಂಡೆ

ದೆಹಲಿಯ ಚಳಿ ಎಂದರೆ ನಮ್ಮ ಊರಿನ ಕಡೆಯವರು ಅಷ್ಟಾಗಿ ನಂಬುವುದಿಲ್ಲ. "ಅಲ್ಲಿ ಬಿಸಿಲಲ್ವೇನೋ ಮಾರಾಯ?" ಎಂದು ತೀರ್ಥಹಳ್ಳಿಯಲ್ಲಿರುವ ನನ್ನ ಅಣ್ಣ ಈಗಲೂ ಕೇಳುತ್ತಾನೆ. ಬಿಸಿಲೂ ನಿಜ, ಚಳಿಯೂ ನಿಜ. ಮೇ-ಜೂನಿನಲ್ಲಿ 45 ಡಿಗ್ರಿಯಲ್ಲಿ ಹುರಿಯುವ ಇದೇ ಊರಿನ ಸಫ್ದರ್‌ಜಂಗಿನಲ್ಲಿ 2006ರ ಜನವರಿ 8ರ ಬೆಳಿಗ್ಗೆ ಉಷ್ಣಾಂಶ 0.2 ಡಿಗ್ರಿಗೆ ಇಳಿದಿತ್ತು. ಬ್ಯಾಂಕಿನ ವರ್ಗಾವಣೆಯ ಮೇಲೆ ನಾವು ಇಲ್ಲಿಗೆ ಬಂದು ಆಗ ಎರಡೇ ತಿಂಗಳು. ಹೆಂಡತಿ ಎರಡು ಸ್ವೆಟರ್, ಒಂದು ಶಾಲು ಹೊದ್ದು ದೋಸೆ ಹುಯ್ಯುತ್ತಿದ್ದಳು. ಹಿಟ್ಟು ಮಾತ್ರ ಹುಳಿ ಬಂದಿರಲಿಲ್ಲ.

ಇಲ್ಲಿಯ ಮನೆಗಳನ್ನು ಬೇಸಿಗೆಗೆಂದು ಕಟ್ಟುತ್ತಾರೆ. ಕಲ್ಲಿನ ನೆಲ, ಸಂದಿ ಬಿಟ್ಟ ಕಿಟಕಿ. ಚಳಿ ಹೊರಗಿಗಿಂತ ಒಳಗೇ ಜಾಸ್ತಿ. ಕೆಂಪಗೆ ಕಾಯುವ ಸರಳಿನ ಹೀಟರ್ ಇಟ್ಟರೆ ಮುಖ ಸುಡುತ್ತೆ, ಬೆನ್ನು ನಡುಗುತ್ತೆ. ಬ್ಲೋವರ್ ಇಟ್ಟರೆ ಅದರ ಸದ್ದಿಗೆ ನಿದ್ದೆ ಇಲ್ಲ. ಎಣ್ಣೆ ತುಂಬಿದ ರೇಡಿಯೇಟರ್ ಒಳ್ಳೆಯದೇ, ಆದರೆ 2000 ವ್ಯಾಟಿನದು ಪೂರ್ತಿ ಉರಿದರೆ ಗಂಟೆಗೆ ಎರಡು ಯೂನಿಟ್. ಇದ್ದಿಲಿನ ಅಂಗೀಠಿಯ ಮಾತೇ ಬೇಡ. ಮುಚ್ಚಿದ ಕೋಣೆಯಲ್ಲಿ ಅದನ್ನು ಇಟ್ಟುಕೊಂಡು ಮಲಗಿ ಏಳದೇ ಹೋದವರ ಸುದ್ದಿ ಚಳಿಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

2022ರಲ್ಲಿ ಮಗ ಜನಕಪುರಿಯಲ್ಲಿ ಹಳೆಯ ಮನೆಯ ಒಂದು ಅಂತಸ್ತು ಕೊಂಡ. ರಿಪೇರಿಗೆ ನೆಲ ಅಗೆದಾಗ ಅವನೇ ವಿಷಯ ತೆಗೆದ: "ಅಪ್ಪಾ, ಅಮ್ಮನ ಕೈಬೆರಳು ಬೆಳಿಗ್ಗೆ ಮಡಿಸೋಕೇ ಆಗ್ತಿಲ್ಲ. ಗೋಡೆಗೆ ಬಿಸಿನೀರಿನ ರೇಡಿಯೇಟರ್ ಹಾಕಿಸೋಣ." ಹಿಂದಿನ ಬಾಲ್ಕನಿಯಲ್ಲಿ ಪೈಪ್ ಗ್ಯಾಸಿನ ಬಾಯ್ಲರ್, ಅಲ್ಲಿಂದ ನೆಲದಡಿ ಕೊಳವೆ, ಪ್ರತಿ ಕಿಟಕಿಯ ಕೆಳಗೆ ಬಿಳಿ ಉಕ್ಕಿನ ಚಪ್ಪಟೆ ಫಲಕ. ಕೊಳಾಯಿಯವನು ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. "ಬಾಬೂಜಿ, ಅಭೀ ಬೋಲೋ. ಟೈಲ್ಸ್ ಕೂತ ಮೇಲೆ ಕೇಳಬೇಡಿ" ಎಂಬ ಧಾಟಿ.

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಸಾಲದ ಅರ್ಜಿ ಓದಿದವನು ಕ್ಯಾಟಲಾಗನ್ನು ಸುಮ್ಮನೆ ಬಿಡುತ್ತಾನೆಯೇ? ಕನ್ನಡಕ ಹಾಕಿ ಕೂತೆ. ಟೈಪ್ 11, 21, 22 ಎಂದೆಲ್ಲ ಇತ್ತು. ಮೊದಲ ಅಂಕಿ ನೀರು ಹರಿಯುವ ಫಲಕಗಳದು, ಎರಡನೆಯದು ಅದರ ಹಿಂದಿನ ಮಡಿಕೆ ತಗಡಿನ ಸಾಲುಗಳದು. 22 ಎಂದರೆ ಎರಡು ಫಲಕ, ಎರಡು ಸಾಲು. ಗೋಡೆಯಿಂದ ಹೆಚ್ಚು ಮುಂದೆ ಬರುತ್ತದೆ, ಶಾಖವೂ ಹೆಚ್ಚು. ಆಮೇಲೆ ಸಣ್ಣಕ್ಷರದ ಷರತ್ತು, ಸಾಲಪತ್ರದಲ್ಲಿ ಇರುವ ಹಾಗೇ! ಮೇಲೆ ದೊಡ್ಡದಾಗಿ ಬರೆದ ವ್ಯಾಟುಗಳೆಲ್ಲ ನೀರು 75 ಡಿಗ್ರಿಯಲ್ಲಿ ಒಳಹೋಗಿ 65ರಲ್ಲಿ ಹೊರಬಂದು, ಕೋಣೆ 20 ಡಿಗ್ರಿ ಇದ್ದಾಗ ಮಾತ್ರ. ನೀರನ್ನು 55ಕ್ಕೆ ಇಟ್ಟರೆ ಶಾಖ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೊಮ್ಮಗಳ ಕೈ ಸುಡಬಾರದು, ಗ್ಯಾಸೂ ಉಳಿಯಬೇಕು ಅಂದರೆ ನಮಗೆ 55ರ ಸುಮಾರೇ ಸರಿ. ಹಾಗಾದರೆ ಮಾರುವವನು ತೋರಿಸಿದ ತೆಳುವಾದ ಟೈಪ್ 11 ಸಾಲದು, ದಪ್ಪದ 22ನೇ ಬೇಕು. ನಾನು ಇದನ್ನು ಹೇಳಿದಾಗ ಅವನು ನನ್ನನ್ನು ಎಂಜಿನಿಯರ್ ಎಂದುಕೊಂಡ. ಎಂಕಾಂ ಎಂದು ನಾನೂ ಹೇಳಲಿಲ್ಲ.

ಕಿಟಕಿಯ ಕೆಳಗೇ ಏಕೆ ಎಂಬುದಕ್ಕೆ ಕಾರಣವಿದೆ. ಗಾಜಿಗೆ ತಾಗಿ ತಣ್ಣಗಾದ ಗಾಳಿ ಕೆಳಗಿಳಿದು ಕಾಲಿಗೆ ಬರುತ್ತದೆ. ಫಲಕದಿಂದ ಏಳುವ ಬಿಸಿಗಾಳಿ ಅದನ್ನು ಅಲ್ಲೇ ತಡೆಯುತ್ತದೆ. ನೆಲದವರೆಗೂ ಪರದೆ ಬೇಕೆಂದಿದ್ದ ಸೊಸೆ, ಪರದೆ ಮುಚ್ಚಿದರೆ ಬಿಸಿಯೆಲ್ಲ ಕಿಟಕಿಗೇ ಹೋಗುತ್ತೆ ಎಂದಾಗ ಒಪ್ಪಿದಳು. ಮೊದಲು ಕಿಟಕಿಯ ಸಂದಿ ಮುಚ್ಚಿಸಿ ಎಂದು ನಾನು ಹಟ ಹಿಡಿದದ್ದೂ ಒಳ್ಳೆಯದೇ ಆಯಿತು.

ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದವಳು ಹೆಂಡತಿ. ರಾತ್ರಿ ಅಂದಳು: "ಗೋಡೆ ಒಡೆದು ಪೈಪು ಹಾಕಿದ ಮೇಲೆ ನಾವು ಊರಿಗೆ ಹೋಗೋಲ್ಲ ಅಂತ ಆಯ್ತಲ್ಲ."

ಶಿವಮೊಗ್ಗದಲ್ಲಿ ನಮ್ಮದೊಂದು ಸೈಟಿದೆ. ನಿವೃತ್ತಿಯಾದ ಮೇಲೆ ಮನೆ ಕಟ್ಟುವುದೆಂದು 1998ರಲ್ಲಿ ಕೊಂಡದ್ದು. ಪ್ರತಿ ವರ್ಷ ಮುಂದಿನ ವರ್ಷ ಅನ್ನುತ್ತಿದ್ದೆವು. ಕೊಳವೆಗೆ ಕೊಡುವ ದುಡ್ಡು ಆ ಮನೆಯ ತಳಪಾಯಕ್ಕೆ ಇಟ್ಟದ್ದು. ನನ್ನ ಬಳಿ ಉತ್ತರವಿರಲಿಲ್ಲ. "ಹಾಕಿಸೋದು ಬೇಡ್ವಾ ಹಾಗಾದ್ರೆ?" ಎಂದೆ. ಅವಳು ಬಹಳ ಹೊತ್ತು ಬೆರಳು ನೀವಿಕೊಳ್ಳುತ್ತಾ ಕೂತಿದ್ದು, "ಎಲ್ಲಾ ರೂಮಿಗೂ ಬೇಡಿ. ನಮ್ಮ ರೂಮಿಗೆ, ಮಗು ಓದೋ ರೂಮಿಗೆ ಸಾಕು" ಅಂದಳು.

ಹಾಗೇ ಆಯಿತು. ಮೊದಲ ಡಿಸೆಂಬರಿನಲ್ಲಿ ನಮ್ಮ ಕೋಣೆಯ ಫಲಕ ಕೆಳಗೆ ಬಿಸಿ, ಮೇಲೆ ತಣ್ಣಗೆ. ಒಳಗೆ ಗಾಳಿ ಸೇರಿದೆ ಎಂದರು. ಮೂಲೆಯ ಚಿಕ್ಕ ತಿರುಪನ್ನು ಕೀಲಿಯಿಂದ ಅರ್ಧ ಸುತ್ತು ತಿರುಗಿಸಿದೆ. ಬುಸ್ಸೆಂದು ಗಾಳಿ, ಹಿಂದೆಯೇ ನೀರಿನ ಹನಿ. "ಅದಕ್ಕೂ ನಿಮ್ಮ ಹಾಗೆ ಗ್ಯಾಸ್ ಟ್ರಬಲ್ಲಾ?" ಎಂದು ಅವಳು ನಕ್ಕಳು. ಆ ಚಳಿಗಾಲದಲ್ಲಿ ಅವಳು ನಕ್ಕದ್ದನ್ನು ಮೊದಲು ಕೇಳಿದ್ದು ಅವತ್ತೇ.

ಈಗ ಬೆಳಿಗ್ಗೆ ಐದೂವರೆಗೆ ಎದ್ದವಳು ಮೊದಲು ಅದರ ಮೇಲೆ ಎರಡೂ ಅಂಗೈ ಇಡುತ್ತಾಳೆ. ಅವಳ ತವರುಮನೆ ಬಚ್ಚಲಿನಲ್ಲಿ ಹಗಲೂ ರಾತ್ರಿ ಅಡಿಕೆ ಸಿಪ್ಪೆಯ ಉರಿಯಲ್ಲಿ ಕಾಯುತ್ತಿದ್ದ ತಾಮ್ರದ ಹಂಡೆಯಿತ್ತು. ಮಳೆಗಾಲದಲ್ಲಿ ಮಕ್ಕಳೆಲ್ಲ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರಂತೆ. "ಹೊಗೆ ವಾಸನೆ ಒಂದು ಇಲ್ಲ ನೋಡಿ" ಅನ್ನುತ್ತಾಳೆ. ಮೊಮ್ಮಗಳು ಅದರ ಮೇಲೆ ಕಾಲುಚೀಲ ಒಣಹಾಕುತ್ತಾಳೆ. ಹಾಕಬಾರದು, ಬಿಸಿ ತಡೆಯುತ್ತೆ, ಆದರೆ ಯಾರು ಹೇಳುವುದು?

ಶಿವಮೊಗ್ಗದ ಸೈಟಿನ ಕಂದಾಯವನ್ನು ಈ ವರ್ಷವೂ ಕಟ್ಟಿದ್ದೇನೆ. ರಶೀದಿಯನ್ನು ಅವಳೇ ಕೇಳಿ ತೆಗೆದುಕೊಂಡು ಬೀರುವಿನಲ್ಲಿಟ್ಟಳು.