ಬಾಗಿಲಿಲ್ಲದ ಕಾರು

ಕಾರಿನ ಫೋಟೋ ನೋಡಿ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಬಾಗಿಲೇ ಇಲ್ವಲ್ಲೋ?"

ಇಲ್ಲ. ಎಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ಏರ್‌ಬ್ಯಾಗೂ ಇಲ್ಲ. ಅಪ್ಪ ಫೋನ್ ಇಸ್ಕೊಂಡು, "ಮತ್ತೆ ಇರೋದೇನಪ್ಪಾ?" ಅಂದ್ರು.

ಇರೋದು ಅಲ್ಯುಮಿನಿಯಂ ಹೊದಿಸಿದ ಒಂದು ತೊಟ್ಟಿ, 1.6 ಲೀಟರಿನ ಫೋರ್ಡ್ ಎಂಜಿನ್, ನಾಲ್ಕು ಚಕ್ರ. ಹೆಸರು ಕೇಟರ್‌ಹ್ಯಾಮ್ ಸೆವೆನ್. ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಅಂತ ಒಂದು ಕಾರು ತಂದ. ಅದರ ಹಕ್ಕನ್ನು 1973ರಲ್ಲಿ ಕೇಟರ್‌ಹ್ಯಾಮ್‌ನವರು ಕೊಂಡು, ಇವತ್ತಿಗೂ ಹೆಚ್ಚುಕಮ್ಮಿ ಅದೇ ಆಕಾರದಲ್ಲಿ ಮಾಡ್ತಿದ್ದಾರೆ. ತೂಕ ಐನೂರು ಚಿಲ್ಲರೆ ಕಿಲೋ, ನಮ್ಮ ಹಳೇ ಮಾರುತಿ 800ಕ್ಕಿಂತ ಕಡಿಮೆ. ಮಾರುತಿಯದು 37 ಅಶ್ವಶಕ್ತಿ, ಇದರದು 125. ಲೆಕ್ಕ ನೀವೇ ಹಾಕಿಕೊಳ್ಳಿ :-)

ಆಗೆಲ್ಲ ಇಂಗ್ಲೆಂಡಿನಲ್ಲಿ ಹೊಸ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿಭಾಗ ತಂದು ಮನೇಲೇ ಜೋಡಿಸಿಕೊಂಡರೆ ತೆರಿಗೆ ಇಲ್ಲ. ಆದರೆ ಜೋಡಿಸೋದು ಹೇಗೆ ಅಂತ ಕಂಪನಿ ಬರೆದು ಕೊಡೋ ಹಾಗಿಲ್ಲವಂತೆ. ಅದಕ್ಕೆ ಚಾಪ್‌ಮನ್ 'ಬಿಚ್ಚೋದು ಹೇಗೆ' ಅಂತ ಬರೆದುಕೊಟ್ಟ, ಹಿಂದಿನಿಂದ ಓದ್ಕೊಳ್ಳಿ ಅಂದ ಅಂತ ಇಲ್ಲಿಯವರು ಕಥೆ ಹೇಳ್ತಾರೆ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯ್ತು. ಜೋಡಿಸೋ ಚಟ ಮಾತ್ರ ಹೋಗಲಿಲ್ಲ.

ನನ್ನದು ಸೆಕೆಂಡ್ ಹ್ಯಾಂಡ್. ಮೊದಲ ಮಾಲೀಕರು ಒಬ್ಬ ನಿವೃತ್ತ ಮೇಷ್ಟ್ರು, ತಮ್ಮ ಗ್ಯಾರೇಜಿನಲ್ಲಿ ಇಡೀ ಚಳಿಗಾಲ ಕೂತು ಜೋಡಿಸಿದ್ದಂತೆ. ಕೀ ಜೊತೆ ಒಂದು ದಪ್ಪ ಫೈಲ್ ಕೊಟ್ಟರು. ಯಾವ ಬೋಲ್ಟನ್ನು ಎಷ್ಟು ಬಿಗಿ ಮಾಡಿದ್ದು, ಯಾವತ್ತು, ಎಲ್ಲಾ ಪೆನ್ಸಿಲ್ಲಿನಲ್ಲಿ. ಒಂದು ಕಡೆ 'ಮತ್ತೆ ನೋಡಬೇಕು' ಅಂತ ಬರೆದು, ಮೂರು ದಿನ ಬಿಟ್ಟು ಟಿಕ್ ಹಾಕಿದ್ದಾರೆ. ಆಫೀಸಿನಲ್ಲಿ ಆರು ವರ್ಷದಲ್ಲಿ ಇಂಥ ಡಾಕ್ಯುಮೆಂಟೇಶನ್ ನಾನು ನೋಡಿಲ್ಲ ಕಣ್ರೀ. ಮಂಡಿ ನೋವು ಬಂದು ಕಾರಿನೊಳಗೆ ಇಳಿಯೋಕೆ ಆಗ್ತಿಲ್ಲ ಅಂತ ಮಾರಿದರು. (ಹೌದು, ಇದನ್ನು ಹತ್ತೋದಲ್ಲ. ಸೀಟಿನ ಮೇಲೆ ನಿಂತು, ಕಾಲು ಚಾಚಿ, ಒಳಗೆ ಜಾರಬೇಕು.)

ಮಳೆ ಇಲ್ಲದ ಶನಿವಾರ ಬೆಳಗ್ಗೆ ಸ್ನೇಕ್ ಪಾಸ್ ಕಡೆ ಹೊರಡ್ತೀನಿ. ಶೆಫೀಲ್ಡ್‌ಗೂ ಮ್ಯಾಂಚೆಸ್ಟರ್‌ಗೂ ನಡುವಿನ ಗುಡ್ಡದ ರಸ್ತೆ. ಕಾಡು ಕಡಿಮೆ ಅನ್ನೋದು ಬಿಟ್ಟರೆ ಚಾರ್ಮಾಡಿಯೇ. ಮಳೆಗೆ ಕುಸಿಯೋದರಲ್ಲೂ ಅಣ್ಣತಮ್ಮ. ಅದು 2019ರಲ್ಲಿ ಕುಸಿದಿತ್ತು, ಇದು 2022ರಲ್ಲಿ. ಮುಂದಿನ ಚಕ್ರಗಳು ಬಾನೆಟ್ಟಿನ ಆಚೆ ನಿಂತಿರೋದರಿಂದ, ಸ್ಟೀರಿಂಗ್ ತಿರುಗಿಸಿದ್ರೆ ಚಕ್ರ ತಿರುಗೋದು ಕೂತಲ್ಲಿಂದಲೇ ಕಾಣುತ್ತೆ. ಹಳ್ಳ ಸಿಕ್ಕರೆ ಚಕ್ರ ಇಳಿದು ಏಳೋದು ಕಾಣುತ್ತೆ, ಮರುಕ್ಷಣ ಅದೇ ಬೆನ್ನಿಗೆ ಗೊತ್ತಾಗುತ್ತೆ! ಇಂಡಿಕೇಟರ್ ತಾನಾಗೇ ಆರಲ್ಲ, ನಾನೇ ಆರಿಸಬೇಕು. ಕುರಿಗಳ ವಾಸನೆ, ಮುಂದಿನ ಲಾರಿಯ ಹೊಗೆ, ಒದ್ದೆ ಹುಲ್ಲು, ಎಲ್ಲಾ ಮುಖಕ್ಕೇ. ನಲವತ್ತು ಮೈಲಿ ವೇಗದಲ್ಲೇ ಎಂಬತ್ತರ ಖುಷಿ ಸಿಗೋದರಿಂದ ಲೈಸೆನ್ಸೂ ಕ್ಷೇಮ. ವಾರವಿಡೀ ಯಾರೋ ಬರೆದ ಲೈಬ್ರರಿಯ ಮೇಲೆ ಇನ್ಯಾರೋ ಬರೆದದ್ದರ ಮೇಲೆ ಕೆಲಸ ಮಾಡುವ ನನಗೆ, ಕೈಗೂ ರಸ್ತೆಗೂ ನಡುವೆ ಇಷ್ಟು ಕಡಿಮೆ ಇರೋದೇ ದೊಡ್ಡ ಸುಖ.

ಬರೋ ವರ್ಷ ಬೆಂಗಳೂರಿಗೆ ವಾಪಸ್. ಇದನ್ನು ಒಯ್ಯುವ ಮಾತಿಲ್ಲ, ನಮ್ಮ ಬಡಾವಣೆಯ ಮೊದಲ ಹಂಪಿನ ಮೇಲೇ ಕೂತುಬಿಡುತ್ತೆ. ಹೋದ ವಾರ ಎಂಜಿನ್ ಆಯಿಲ್ ಬದಲಾಯಿಸಿದೆ. ಫೈಲಿನಲ್ಲಿ ಮೇಷ್ಟ್ರ ಕೊನೇ ಸಾಲಿನ ಕೆಳಗೆ ತಾರೀಖು ಹಾಕಿ ಬರೆದೆ. ಕನ್ನಡದಲ್ಲೇ ಬರೆಯೋಣ ಅನ್ನಿಸಿತ್ತು. ಮುಂದೆ ಕೊಳ್ಳೋರಿಗೆ ಅರ್ಥ ಆಗಬೇಕಲ್ಲ ಅಂತ ಇಂಗ್ಲಿಷಿನಲ್ಲಿ ಬರೆದೆ, ಪೆನ್ಸಿಲ್ಲಿನಲ್ಲೇ.