ಅಕ್ಕನಿಗೊಬ್ಬ ವಕೀಲರು

ಅಕ್ಕನ ವಿಚ್ಛೇದನಕ್ಕೆ ವಕೀಲರನ್ನು ಹುಡುಕುತ್ತಾ ಮೂರು ಆಫೀಸು ಸುತ್ತಿದೆವು. ಮೊದಲನೆಯವರು ಅವಳು ಬಾಯಿ ತೆರೆಯೋ ಮುಂಚೆಯೇ ಫೀಸು ಹೇಳಿದರು. ಎರಡನೆಯವರು, "ವರದಕ್ಷಿಣೆ ಕೇಸೂ ಜಡಿಯೋಣಮ್ಮ, ತಾನಾಗಿ ದಾರಿಗೆ ಬರ್ತಾರೆ" ಅಂದರು. "ಅವರು ಒಂದು ರೂಪಾಯೀನೂ ಕೇಳಿಲ್ಲ ಸಾರ್" ಅಂತ ಅಕ್ಕ ಎದ್ದೇಬಿಟ್ಟಳು. ನನಗಂತೂ ಹೆಮ್ಮೆ ಅನ್ನಿಸ್ತು ನೋಡಿ!

ಮೂರನೆಯವರು ಒಬ್ಬ ಮೇಡಂ. ಮೊದಲು ಕೇಳಿದ್ದೇ, "ಮಗು ಈಗ ಯಾರ ಹತ್ರ ಮಲಗತ್ತೆ?" ಅಂತ. ಆಮೇಲೆ ಬಿಡಿಸಿ ಹೇಳಿದರು... ಇಬ್ಬರೂ ಒಪ್ಪಿದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಇದೆ, ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಕಾಯಬೇಕಾದ ಆರು ತಿಂಗಳನ್ನು, ಸುಪ್ರೀಂ ಕೋರ್ಟಿನ 2017ರ ತೀರ್ಪಿನಂತೆ, ಕೆಲವು ಪ್ರಕರಣಗಳಲ್ಲಿ ಕೋರ್ಟು ಮನ್ನಾ ಮಾಡಬಹುದು. "ಫೀಸು ಕಷ್ಟವಾದ್ರೆ ಹೇಳಮ್ಮ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟಿದ್ರೂ ಉಚಿತ ವಕೀಲರು ಸಿಗ್ತಾರೆ" ಅಂದರು. ತಮ್ಮ ಫೀಸು ಹೋದರೂ ಸರಿ ಅಂತ ಇದನ್ನು ಹೇಳಿದವರಿಗೇ ವಕಾಲತ್ತು ಕೊಟ್ಟೆವು.

ಕೇಸು ಇನ್ನೂ ನಡೀತಿದೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಕಾರಿಡಾರಿನಲ್ಲಿ ಭಾವ ಮಗುವಿಗೆ ಬಿಸ್ಕೆಟ್ ಕೊಡ್ತಾರೆ, ಅಕ್ಕ ತಡೆಯಲ್ಲ. ಆ ಸುಳ್ಳು ಕೇಸು ಜಡಿದಿದ್ದರೆ ಆ ಬಿಸ್ಕೆಟ್ಟೂ ಇರ್ತಿರಲಿಲ್ಲ.

ನಿಮ್ಮವರಿಗೆ ಯಾರಿಗಾದರೂ ವಕೀಲರು ಬೇಕಾದಾಗ, ಅವರು ಮೊದಲು ಏನು ಕೇಳ್ತಾರೆ ಅಂತ ಗಮನಿಸಿ. ಅಷ್ಟೇ.